ಬೆಳಗಿನ ಜಾವ ಎದ್ದು ಯಾವ ಬೇಸ್‌ಬಾಲ್ ಆಟ ನೋಡಲಿ?

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಬೆಳಗಿನ ಜಾವ ನಾಲ್ಕಕ್ಕೆಲ್ಲ ಒಲೆ ಹಚ್ಚುತ್ತೇವೆ. ಕೊಪ್ಪರಿಗೆ ಕಾಯುವ ಹೊತ್ತಿನಲ್ಲಿ ಸುಮ್ನೆ ಕೂರುವ ಬದಲು ಮೊಬೈಲಿನಲ್ಲಿ ಅಮೆರಿಕದ ಬೇಸ್‌ಬಾಲ್ ನೋಡುತ್ತೇನೆ. ಅಕ್ಕನ ಮಗ ಕ್ಲೀವ್‌ಲ್ಯಾಂಡ್‌ನಲ್ಲಿದ್ದಾನೆ, ಈ ಹುಚ್ಚು ಹಿಡಿಸಿದ್ದು ಅವನೇ. ತೊಂದರೆ ಏನೆಂದರೆ, ಒಂದೇ ದಿನ ಹದಿನೈದು ಆಟ ಇರುತ್ತವೆ. ದೊಡ್ಡ ಆಟಗಾರರ ಹೆಸರು ನೋಡಿ ಒಂದನ್ನು ಆರಿಸುತ್ತೇನೆ, ಅದು ಮೂರನೇ ಇನ್ನಿಂಗ್ಸ್‌ಗೇ 8-0 ಆಗಿ ಸಪ್ಪೆಯಾಗುತ್ತದೆ. ಆಮೇಲೆ ನೋಡಿದರೆ ಪಕ್ಕದ ಆಟವೇ ಅದ್ಭುತವಾಗಿತ್ತಂತೆ. ಯಾವ ಆಟ ರೋಚಕ ಅಂತ ಹೇಳುವ ಲೆಕ್ಕ ಇದೆ ಅನ್ನುತ್ತಾನೆ ಅಕ್ಕನ ಮಗ. ಲೆಕ್ಕ ಹಾಕಿ ಆಟ ನೋಡಿದರೆ ಮಜಾ ಏನು ಉಳಿಯುತ್ತೆ ಅನ್ನುತ್ತಾನೆ ನನ್ನ ತಮ್ಮ. ನಿಜಕ್ಕೂ ಇಂಥ ಲೆಕ್ಕ ಇದೆಯಾ? ಫಲಿತಾಂಶ ಗೊತ್ತಾಗದ ಹಾಗೆ ಒಳ್ಳೆಯ ಆಟ ಆರಿಸೋಕೆ ಆಗುತ್ತಾ? ಜಾಸ್ತಿ ರನ್ ಬಂದ ಆಟ ನೋಡಿದರೆ ಸಾಕಲ್ವಾ?

ಉತ್ತರ: ನಿಮ್ಮ ಪತ್ರ ಓದಿ ತುಂಬ ಖುಷಿಯಾಯಿತು. ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದೇನೆ. ತರಗತಿಯಲ್ಲಿ ಸಂಭವನೀಯತೆ ಅರ್ಥ ಮಾಡಿಸಲು ಬೇಸ್‌ಬಾಲ್‌ನಷ್ಟು ಒಳ್ಳೆಯ ಉದಾಹರಣೆ ನನಗೆ ಇನ್ನೊಂದು ಸಿಕ್ಕಿಲ್ಲ. ನಿಮ್ಮ ಚಿಂತೆ ಹೀಗಿದೆ ಅಲ್ವಾ: ದಿನಕ್ಕೆ ಎರಡೂವರೆ ಗಂಟೆ ಸಿಗುತ್ತದೆ, ಅದು ಹಾಳಾಗಬಾರದು, ಆದರೆ ಆರಿಸುವ ಭರದಲ್ಲಿ ಕೊನೆ ಏನಾಯಿತು ಅಂತ ಮೊದಲೇ ಗೊತ್ತಾಗಲೂಬಾರದು. ಈ ಎರಡನೇ ಭಾಗ ನೀವು ಅಂದುಕೊಂಡದ್ದಕ್ಕಿಂತ ಕಷ್ಟದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲೆಕ್ಕ ಇದೆಯಾ ಅನ್ನೋದು. ಇದೆ. ಗಟ್ಟಿಯಾದದ್ದೇ ಇದೆ.

ಬೇಸ್‌ಬಾಲಿನಲ್ಲಿ ಯಾವ ಕ್ಷಣದಲ್ಲಿ ನಿಲ್ಲಿಸಿ ನೋಡಿದರೂ ಪರಿಸ್ಥಿತಿಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡಬಹುದು. ಒಂಬತ್ತರಲ್ಲಿ ಎಷ್ಟನೇ ಇನ್ನಿಂಗ್ಸ್, ಮೂರರಲ್ಲಿ ಎಷ್ಟು ಔಟ್, ಯಾವ ಯಾವ ಬೇಸಿನಲ್ಲಿ (ರನ್ ಗಳಿಸಲು ಸುತ್ತಿ ಬರಬೇಕಾದ ಮೂರು ನಿಲ್ದಾಣ) ಓಟಗಾರರಿದ್ದಾರೆ, ರನ್ ಅಂತರ ಎಷ್ಟು. ಪ್ರತಿ ವರ್ಷ 30 ತಂಡಗಳು ತಲಾ 162 ಆಟ ಆಡುತ್ತವೆ, ಅಂದರೆ ಒಟ್ಟು 2430 ಆಟ. ಹತ್ತಾರು ವರ್ಷದ ದಾಖಲೆ ಕೂಡಿದರೆ ಒಂದೇ ಥರದ ಪರಿಸ್ಥಿತಿ ಸಾವಿರಾರು ಸಲ ಬಂದು ಹೋಗಿರುತ್ತದೆ. ಅಷ್ಟು ಸಲದಲ್ಲಿ ಎಷ್ಟು ಸಲ ಆ ತಂಡ ಗೆದ್ದಿತು ಅಂತ ಎಣಿಸಿದರೆ ಬರುವುದೇ ಗೆಲುವಿನ ಸಾಧ್ಯತೆ. ಕೆನಡಾದ ಜಾರ್ಜ್ ಲಿಂಡ್ಸೆ ಎಂಬುವವರು ಕಂಪ್ಯೂಟರ್ ಮನೆಮನೆಗೆ ಬರುವ ಎಷ್ಟೋ ಮೊದಲೇ, 1961ರಲ್ಲೇ, ಈ ಥರದ ಲೆಕ್ಕ ಪ್ರಕಟಿಸಿದ್ದರು. ಈಗ ಫ್ಯಾನ್‌ಗ್ರಾಫ್ಸ್‌ನಂಥ ತಾಣಗಳು ಪ್ರತಿ ಆಟಕ್ಕೂ ಇದರ ಗ್ರಾಫ್ ಹಾಕುತ್ತವೆ. ಆಟ ಶುರುವಾಗುವಾಗ ಗೆರೆ 50ರ ಆಸುಪಾಸಿನಲ್ಲಿರುತ್ತದೆ, ಮುಗಿಯುವಾಗ 0 ಅಥವಾ 100ಕ್ಕೆ ಹೋಗಿ ನಿಲ್ಲುತ್ತದೆ.

ಆ ಗೆರೆ ದಾರಿಯಲ್ಲಿ ಎಷ್ಟು ಕುಣಿಯಿತು ಅನ್ನೋದೇ ರೋಚಕತೆಯ ಅಳತೆ. ಪ್ರತಿ ಬ್ಯಾಟರ್ ಆಡಿದ ಮೇಲೆ ಗೆರೆ ಎಷ್ಟು ಮೇಲೆ ಹೋಯಿತೋ ಕೆಳಗೆ ಬಂತೋ, ಅದನ್ನೆಲ್ಲ ಪ್ಲಸ್ ಮೈನಸ್ ನೋಡದೆ ಕೂಡಿ. ಮೂರನೇ ಇನ್ನಿಂಗ್ಸ್‌ಗೇ 8-0 ಆದ ನಿಮ್ಮ ಆಟದಲ್ಲಿ ಗೆರೆ ಒಂದೇ ಸಲ ಮೇಲೇರಿ ಅಲ್ಲೇ ಮಲಗಿಬಿಟ್ಟಿರುತ್ತದೆ, ಮೊತ್ತ ಕಡಿಮೆ. ಮೂರು ಸಲ ಮುನ್ನಡೆ ಕೈ ಬದಲಾಯಿಸಿದ ಆಟದಲ್ಲಿ ಮೊತ್ತ ಜಾಸ್ತಿ.

ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ, ಕ್ರಿಕೆಟ್ ಆದರೂ ವಿಷಯ ಅದೇ. 2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕ ಮತ್ತು ಮುಂಬೈ ನಡುವೆ ರಣಜಿ ಫೈನಲ್ ನಡೆಯಿತು. ಗೆಲ್ಲಲು 338 ಬೇಕಿತ್ತು. ಬೇಗ ವಿಕೆಟ್ ಬಿದ್ದು ಕಥೆ ಮುಗಿಯಿತು ಅಂದುಕೊಂಡೆವು. ಆಮೇಲೆ ಮನೀಶ್ ಪಾಂಡೆ 144 ಹೊಡೆದರು. ನಾನು ಮರದ ಬುಡದಲ್ಲಿ ಒಂದು ಕಾಲಿನ ಮೇಲೆ ನಿಂತಿದ್ದೆ, ಪಕ್ಕದಲ್ಲಿದ್ದವರು ಆಗಲೇ ಸಿಹಿ ಎಲ್ಲಿ ತರೋದು ಅಂತ ಮಾತಾಡುತ್ತಿದ್ದರು. ಮತ್ತೆ ವಿಕೆಟ್ ಬೀಳೋಕೆ ಶುರುವಾಯಿತು. ಕೊನೆಗೆ ಸೋತದ್ದು 6 ರನ್‌ನಿಂದ. ಅವತ್ತು ನನ್ನ ಮನಸ್ಸಿನಲ್ಲಿ ಓಡುತ್ತಿದ್ದ ಗೆರೆಯನ್ನು ಕಾಗದದ ಮೇಲೆ ಎಳೆದಿದ್ದರೆ ಕೆಳಗೆ, ಮೇಲೆ, ಮತ್ತೆ ಕೆಳಗೆ ಅಂತ ಕಾಗದದ ಉದ್ದಕ್ಕೂ ಹರಿದಾಡಿರುತ್ತಿತ್ತು. ಸೋತರೂ ಆ ಆಟ ಇವತ್ತಿಗೂ ಮರೆತಿಲ್ಲ. ಬೇಸ್‌ಬಾಲ್ ಗ್ರಾಫ್ ಅಳೆಯುವುದು ಇದನ್ನೇ.

ಈಗ ರನ್ ವಿಷಯ. ಜಾಸ್ತಿ ರನ್ ಬಂದರೆ ಜಾಸ್ತಿ ಮಜಾ ಅನ್ನೋದು ತಪ್ಪು. 11-10ರ ಆಟ ಚೆನ್ನಾಗಿರುತ್ತದೆ, ನಿಜ. ಆದರೆ 12-3 ಕೂಡ ಹದಿನೈದು ರನ್ನೇ. ಇನ್ನೊಂದು ಕಡೆ 1-0 ಆಟ ಇದೆ. ಹೊಸದಾಗಿ ನೋಡುವವರಿಗೆ ಅದರಲ್ಲಿ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಆದರೆ ಎಂಟನೇ ಇನ್ನಿಂಗ್ಸ್‌ನಲ್ಲಿ 1-0 ಇದ್ದಾಗ ಬರುವ ಪ್ರತಿ ಬ್ಯಾಟರ್ ಒಂದೇ ಹೊಡೆತಕ್ಕೆ ಎಲ್ಲ ತಿರುಗಿಸಬಹುದು. ಎರಡೂ ರೋಚಕವೇ, ಆದರೆ ಜಾತಿ ಬೇರೆ. 2015ರಲ್ಲಿ ಜೆಫ್ರಿ ಎಲಿ, ಅಲೆಕ್ಸಾಂಡರ್ ಫ್ರಾಂಕೆಲ್, ಎಮಿರ್ ಕಾಮೆನಿಕಾ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನು ತುಂಬ ಚೊಕ್ಕವಾಗಿ ಬಿಡಿಸಿಟ್ಟರು. ಈಗ ಏನಾಗಿಬಿಡುತ್ತದೋ ಅಂತ ಉಸಿರು ಬಿಗಿ ಹಿಡಿಯುವುದು ಕಾತರ, ಅದು ಮುಂದೆ ಆಗಬಹುದಾದದ್ದರ ಮೇಲೆ ನಿಂತಿದೆ. ಅಯ್ಯೋ ಹೀಗಾಯಿತಲ್ಲ ಅನ್ನುವುದು ಬೆರಗು, ಅದು ಈಗಷ್ಟೇ ಆಗಿಹೋದದ್ದರ ಮೇಲೆ ನಿಂತಿದೆ. ನಿಮಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಪಾಕ ಹದಕ್ಕೆ ಬರುವ ಕೊನೆಯ ಕೆಲವು ನಿಮಿಷ ಕೊಪ್ಪರಿಗೆಯಿಂದ ಕಣ್ಣು ತೆಗೆಯೋಕೆ ಆಗಲ್ಲ, ಆದರೆ ಹೊರಗಿನವರಿಗೆ ಅಲ್ಲಿ ಸುಮ್ನೆ ಕುದಿಯುತ್ತಿರುವುದು ಮಾತ್ರ ಕಾಣುತ್ತದೆ. 1-0 ಆಟ ಹಾಗೆ.

ಕಾತರಕ್ಕೂ ಒಂದು ಅಂಕಿ ಇದೆ. ಟಾಮ್ ಟ್ಯಾಂಗೋ ಎಂಬುವವರು ರೂಪಿಸಿದ್ದು, ಹೆಸರು ಲೆವರೇಜ್ ಇಂಡೆಕ್ಸ್. ಈ ಕ್ಷಣದಲ್ಲಿ ಎಷ್ಟು ಪಣಕ್ಕಿದೆ ಅಂತ ಅದು ಹೇಳುತ್ತದೆ. ಸರಾಸರಿ ಕ್ಷಣಕ್ಕೆ 1. ಒಂಬತ್ತನೇ ಇನ್ನಿಂಗ್ಸ್‌ನ ಕೊನೆ, ಒಂದು ರನ್ ಹಿಂದೆ, ಎರಡು ಔಟ್, ಮೂರೂ ಬೇಸ್ ತುಂಬಿದೆ ಅಂದರೆ 10.9, ಅಂದರೆ ಸಾಧಾರಣ ಕ್ಷಣಕ್ಕಿಂತ ಹತ್ತು ಪಟ್ಟಿಗೂ ಮೀರಿ. ಔಟಾದರೆ ಆಟ ಮುಗಿಯಿತು. ಒಂದು ಒಳ್ಳೆಯ ಹೊಡೆತ ಬಿದ್ದರೆ ಗೆಲುವು. ಪಿಚರ್, ಅಂದರೆ ಚೆಂಡು ಎಸೆಯುವವನು, ನಾಲ್ಕು ಚೆಂಡು ದಾರಿ ತಪ್ಪಿಸಿ ಎಸೆದರೂ ಬ್ಯಾಟರ್‌ಗೆ ಪುಕ್ಕಟೆ ಬೇಸ್ ಸಿಕ್ಕಿ, ಮೂರನೇ ಬೇಸಿನವನು ರನ್ ಗಳಿಸಿ ಸಮಬಲ. ಇಂಥ ಕಡೆ ಚಹಾ ಆರಿಹೋಗುತ್ತದೆ, ನೋಡುವವರಿಗೆ ಗೊತ್ತಾಗುವುದೇ ಇಲ್ಲ.

ಇನ್ನು ಆಟಕ್ಕೆ ಮುಂಚೆಯೇ ಆರಿಸೋದು ಹೇಗೆ? ಇಲ್ಲಿ ಸ್ವಲ್ಪ ನಿರಾಸೆಯ ಸುದ್ದಿ ಇದೆ, ಆದರೆ ಇದು ಗೊತ್ತಿರಬೇಕು. ಆಟ ಶುರುವಾಗುವಾಗ ಒಂದು ತಂಡದ ಸಾಧ್ಯತೆ 50 ಅನ್ನಿ, ಇನ್ನೊಂದರದ್ದೂ 50. ಎರಡನ್ನೂ ಗುಣಿಸಿ, 2500. ಮುಂದೆ ಗೆರೆ ಇಡುವ ಪ್ರತಿ ಹೆಜ್ಜೆಯನ್ನೂ ವರ್ಗ ಮಾಡಿ ಕೂಡಿದರೆ ಸರಾಸರಿ ಎಷ್ಟು ಬರುತ್ತದೋ, ಅದು ಈ ಗುಣಲಬ್ಧಕ್ಕೆ ಸರಿಯಾಗಿ ಸಮ. ಇದು ಗಣಿತದ ನಿಯಮ, ಸಾಧ್ಯತೆಯ ಲೆಕ್ಕ ಸರಿಯಿದ್ದರೆ ಯಾವ ಆಟಕ್ಕೂ ತಪ್ಪುವುದಿಲ್ಲ. 90-10ರ ಆಟಕ್ಕೆ 900 ಮಾತ್ರ, ಅದಕ್ಕೇ ಒಂದು ಕಡೆ ಪೂರ್ತಿ ವಾಲಿದ ಆಟ ಸಪ್ಪೆ. ಆದರೆ ಬೇಸ್‌ಬಾಲಿನಲ್ಲಿ 90-10 ಅನ್ನೋದೇ ಇಲ್ಲ. ಇಡೀ ಋತುವಿನ ಅತ್ಯುತ್ತಮ ತಂಡಗಳೂ ನೂರಕ್ಕೆ ಅರವತ್ತರ ಹತ್ತಿರ ಗೆಲ್ಲುತ್ತವೆ, ಅಷ್ಟೇ. 60-40 ಗುಣಿಸಿದರೆ 2400. 2500ಕ್ಕೂ 2400ಕ್ಕೂ ಎಷ್ಟು ವ್ಯತ್ಯಾಸ? ನೂರಕ್ಕೆ ನಾಲ್ಕು. ಹಾಗಾಗಿ ತಂಡಗಳ ಹೆಸರು ನೋಡಿ, ಬಲಾಬಲ ನೋಡಿ ಆರಿಸಿದರೆ ಸಿಗುವ ಲಾಭ ತೀರಾ ಚಿಕ್ಕದು. ನೀವು ಆರಿಸಿದ್ದೆಲ್ಲ ಸಪ್ಪೆಯಾದದ್ದು ನಿಮ್ಮ ತಪ್ಪಲ್ಲ. ಇಲ್ಲಿ ಯಾರು ಆರಿಸಿದರೂ ಅಷ್ಟೇ.

ಮುಂಚೆ ನೋಡಬೇಕಾದದ್ದು ಒಂದೇ, ಆ ಆಟಕ್ಕೆ ಏನು ಪಣಕ್ಕಿದೆ ಅನ್ನೋದು. 2022ರಿಂದ ಹನ್ನೆರಡು ತಂಡ ಪ್ಲೇಆಫ್‌ಗೆ ಹೋಗುತ್ತವೆ. ಸೆಪ್ಟೆಂಬರ್ ಕೊನೆಗೆ ಆ ಕೊನೆಯ ಜಾಗಕ್ಕೆ ಎರಡು ಮೂರು ತಂಡ ಹೊಡೆದಾಡುತ್ತಿದ್ದರೆ ಅವುಗಳ ಆಟ ಕಣ್ಣು ಮುಚ್ಚಿ ಆರಿಸಿ. ಮೇ ತಿಂಗಳಲ್ಲಿ 3-2 ಆಗುವುದಕ್ಕೂ ಸೆಪ್ಟೆಂಬರ್ 28ಕ್ಕೆ 3-2 ಆಗುವುದಕ್ಕೂ ತುಂಬ ವ್ಯತ್ಯಾಸ ಇದೆ.

ಸೆಪ್ಟೆಂಬರ್ 28 ಅಂತ ಸುಮ್ನೆ ಹೇಳಿದ್ದಲ್ಲ. 2011ರ ಆ ರಾತ್ರಿ, ನಮಗೆ 29ರ ಬೆಳಗ್ಗೆ, ಟ್ಯಾಂಪಾ ಬೇ ರೇಸ್ ತಂಡ ಯಾಂಕೀಸ್ ಎದುರು ಎಂಟನೇ ಇನ್ನಿಂಗ್ಸ್‌ವರೆಗೆ 7-0 ಹಿಂದೆ ಇತ್ತು. ಗೆಲುವಿನ ಸಾಧ್ಯತೆ ನೂರಕ್ಕೆ ಒಂದೂ ಇರಲಿಲ್ಲ. ಎಂಟನೆಯದರಲ್ಲಿ ಆರು ರನ್ ಬಂತು. ಒಂಬತ್ತನೆಯದರಲ್ಲಿ ಎರಡು ಔಟ್ ಆಗಿ, ಎರಡು ಸ್ಟ್ರೈಕ್ ಕೂಡ ಆಗಿದ್ದಾಗ (ಮೂರಾದರೆ ಔಟ್) ಡ್ಯಾನ್ ಜಾನ್ಸನ್ ಹೋಮ್ ರನ್, ಅಂದರೆ ಗೋಡೆ ದಾಟುವ ಹೊಡೆತ, ಹೊಡೆದು ಸಮ ಮಾಡಿದರು. ಅತ್ತ ಬಾಲ್ಟಿಮೋರ್‌ನಲ್ಲಿ, ಅದೇ ಪ್ಲೇಆಫ್ ಜಾಗಕ್ಕೆ ಹೊಡೆದಾಡುತ್ತಿದ್ದ ರೆಡ್ ಸಾಕ್ಸ್ ತಂಡ ಗೆಲುವಿಗೆ ಒಂದೇ ಸ್ಟ್ರೈಕ್ ದೂರದಲ್ಲಿದ್ದು 4-3ರಿಂದ ಸೋತಿತು. ಅದಾಗಿ ಕೆಲವೇ ನಿಮಿಷಕ್ಕೆ ಇತ್ತ ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಇವಾನ್ ಲಾಂಗೋರಿಯ ಚೆಂಡನ್ನು ಎಡಗಡೆ ಗೋಡೆ ದಾಟಿಸಿ 8-7 ಮಾಡಿ ಮುಗಿಸಿದರು. ಪ್ಲೇಆಫ್ ಜಾಗ ರೇಸ್‌ಗೆ ಹೋಯಿತು, ರೆಡ್ ಸಾಕ್ಸ್ ಮನೆಗೆ ಹೋಯಿತು. ಆ ದಿನದ ಗ್ರಾಫ್ ನಾನು ಪ್ರತಿ ವರ್ಷ ಮೊದಲ ತರಗತಿಯಲ್ಲಿ ತೋರಿಸುತ್ತೇನೆ.

ಹಾಗಾದರೆ ದಿನನಿತ್ಯ ಏನು ಮಾಡಬಹುದು? ದಾರಿಗಳು ಎರಡು, ಎರಡಕ್ಕೂ ಅದರದೇ ತೊಡಕು.

ಒಂದು, ನೇರ ಪ್ರಸಾರವನ್ನು ತಡವಾಗಿ ಹಿಡಿಯುವುದು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ 7:05ಕ್ಕೆ ಶುರುವಾಗುವ ಆಟ ನಮಗೆ ಬೆಳಗಿನ ಜಾವ 4:35ಕ್ಕೆ ಬರುತ್ತದೆ. 2023ರಲ್ಲಿ ಇಷ್ಟು ಸೆಕೆಂಡಿನೊಳಗೆ ಎಸೆಯಬೇಕು ಅಂತ ಪಿಚರ್‌ಗಳಿಗೆ ಗಡಿಯಾರ ಹಾಕಿದ ಮೇಲೆ ಆಟಗಳು ಸರಾಸರಿ 2 ಗಂಟೆ 40 ನಿಮಿಷದ ಹತ್ತಿರಕ್ಕೆ ಇಳಿದಿವೆ. ಅಂದರೆ ಆರು ಕಾಲರ ಹೊತ್ತಿಗೆ ಆ ಆಟಗಳೆಲ್ಲ ಆರನೇ ಏಳನೇ ಇನ್ನಿಂಗ್ಸ್‌ನಲ್ಲಿರುತ್ತವೆ. ಆಗ ಅಂಕಪಟ್ಟಿ ತೆರೆದು ಅಂತರ ಒಂದು ರನ್ ಅಥವಾ ಸಮ ಇರುವ ಆಟಕ್ಕೆ ನೇರ ಹೋಗಿ. ಆರಂಭದಲ್ಲಿ ಆರಿಸಿದರೆ ಸಿಗದ ಮಾಹಿತಿ ಈಗ ಕೈಯಲ್ಲಿದೆ, ಹಾಗಾಗಿ ಇದು ಕೆಲಸ ಮಾಡುತ್ತದೆ. ಯಾವ ಆ್ಯಪೂ ಬೇಡ. ತೊಡಕು ಏನೆಂದರೆ, ಅರ್ಧ ದಾರಿಯಲ್ಲಿ ಬಸ್ ಹತ್ತಿದ ಹಾಗೆ. ಆ ಪಿಚರ್ ಬೆಳಗ್ಗೆಯಿಂದ ಹೇಗೆ ಎಸೆಯುತ್ತಿದ್ದ, ಈ ಬ್ಯಾಟರ್‌ಗೆ ಹಿಂದಿನ ಸಲ ಏನಾಯಿತು, ಏನೂ ಗೊತ್ತಿರಲ್ಲ. ಕಾತರ ಇರುತ್ತದೆ, ಕಥೆ ಇರುವುದಿಲ್ಲ. ಮೇಲಾಗಿ ನೀವು ಬಿಟ್ಟುಬಂದ ಆಟವೇ ಆಮೇಲೆ ತಿರುಗಿಬೀಳಬಹುದು.

ಎರಡು, ಮುಗಿದ ಆಟಗಳಲ್ಲಿ ಆರಿಸಿ ಮರುಪ್ರಸಾರ ನೋಡುವುದು. ನನ್ನ ಆಯ್ಕೆ ಇದು. ಗೆರೆಯ ಕುಣಿತದ ಮೊತ್ತ ನೋಡಿ ಹಿಂದಿನ ದಿನದ ಹದಿನೈದು ಆಟಗಳನ್ನು ಸಾಲಾಗಿ ಇಡಬಹುದು, ಮೊದಲ ಎರಡು ಮೂರು ಖಂಡಿತ ಚೆನ್ನಾಗಿರುತ್ತವೆ. ಆದರೆ ಆ ಸಾಲು ಮಾಡುವವರು ನೀವಾಗಬಾರದು. ಗ್ರಾಫ್ ಇರುವ ಪುಟದಲ್ಲೇ ಯಾರು ಗೆದ್ದರು ಅಂತ ದೊಡ್ಡದಾಗಿ ಇರುತ್ತದೆ. ಅಕ್ಕನ ಮಗನಿಗೆ ಹೇಳಿ, ಅವನು ನೋಡಿ ಎರಡು ತಂಡಗಳ ಹೆಸರು ಮಾತ್ರ ಕಳಿಸಲಿ.

ಇಲ್ಲೇ ಇರುವುದು ನಾನು ಮೊದಲು ಹೇಳಿದ ಕಷ್ಟ. ಅವನು ಹೆಸರು ಮಾತ್ರ ಕಳಿಸಿದರೂ ಒಂದು ಗುಟ್ಟು ಬಿಟ್ಟುಕೊಟ್ಟ ಹಾಗೇ. ನೀವು ನೋಡುತ್ತಾ ಕೂತಿದ್ದೀರಿ, ಐದನೇ ಇನ್ನಿಂಗ್ಸ್‌ನಲ್ಲಿ 6-0 ಆಯಿತು. ಬೇರೆ ಯಾರಾದರೂ ಆಗಿದ್ದರೆ ಕಥೆ ಮುಗಿಯಿತು ಅನ್ನುತ್ತಿದ್ದರು. ನೀವು ಮಾತ್ರ ಅನ್ನುವುದಿಲ್ಲ. ಇದು ರೋಚಕ ಆಟ ಅಂತ ಕಳಿಸಿದ್ದಾನಲ್ಲ, ಹಾಗಾದರೆ ಹಿಂದೆ ಇರುವವರು ಎದ್ದು ಬಂದೇ ಬರುತ್ತಾರೆ ಅಂತ ನಿಮಗೆ ಗೊತ್ತು. ಎದ್ದು ಬಂದಾಗ ಬೆರಗು ಆಗುವುದಿಲ್ಲ. ಯಾವುದು ಆ ಆಟವನ್ನು ಆರಿಸಲು ಕಾರಣವಾಯಿತೋ ಅದನ್ನೇ ಆರಿಸಿದ್ದು ತಿಂದುಹಾಕಿತು. ನಿಮ್ಮ ತಮ್ಮ ಹೇಳಿದ ಮಾತಿನಲ್ಲಿ ಇರುವ ನಿಜ ಇದು. ಲೆಕ್ಕ ಮಜಾ ಕೆಡಿಸುವುದಿಲ್ಲ, ಆದರೆ ಲೆಕ್ಕದ ಉತ್ತರ ನೋಡುವವನ ಕಿವಿಗೆ ಬಿದ್ದರೆ ಕೆಡುತ್ತದೆ.

ಇದಕ್ಕೆ ಮದ್ದು ಇದೆ. ಪ್ರತಿ ದಿನ ಅತಿ ರೋಚಕ ಆಟವನ್ನೇ ಕಳಿಸಬೇಡ ಅಂತ ಅವನಿಗೆ ಹೇಳಿ. ದಿನವೂ ಒಂದು ದಾಳ ಉರುಳಿಸಲಿ. 1ರಿಂದ 4 ಬಿದ್ದರೆ ಮೇಲಿನ ಐದು ಆಟಗಳಲ್ಲಿ ಯಾವುದಾದರೂ ಒಂದನ್ನು ಕಳಿಸಲಿ. 5 ಅಥವಾ 6 ಬಿದ್ದರೆ ಇಡೀ ಹದಿನೈದರಲ್ಲಿ ಚೀಟಿ ಎತ್ತಿ ಬಂದದ್ದನ್ನು ಕಳಿಸಲಿ. ಯಾವ ದಿನ ಏನು ಬಿತ್ತು ಅಂತ ನಿಮಗೆ ಹೇಳಬಾರದು. ಈಗ 6-0 ಆದಾಗ ನಿಮ್ಮ ಮನಸ್ಸಿನಲ್ಲಿ ನಿಜವಾದ ಅನುಮಾನ ಬರುತ್ತದೆ, ಇವತ್ತು ಚೀಟಿ ಆಟ ಇರಬಹುದಾ ಅಂತ. ಮೂರು ದಿನಕ್ಕೊಮ್ಮೆ ಚೀಟಿ ಬರುತ್ತದೆ, ಅದರಲ್ಲಿ ಕೆಲವು ಸಪ್ಪೆ ಆಟ ಇರುತ್ತವೆ. ಅದು ನೀವು ಕೊಡಬೇಕಾದ ಬೆಲೆ. ನಾನು ಮೂರು ಋತುವಿನಿಂದ ಹೀಗೇ ಮಾಡುತ್ತಿದ್ದೇನೆ, ನನ್ನ ಪಾಲಿನ ದಾಳ ಉರುಳಿಸುವವಳು ಮಗಳು. ಕೊಟ್ಟ ಬೆಲೆಗೆ ಖಂಡಿತ ಮೋಸ ಇಲ್ಲ.

ಇನ್ನೊಂದು ಸಣ್ಣ ಎಚ್ಚರಿಕೆ. ವಿಡಿಯೊದ ಕೆಳಗೆ ಒಟ್ಟು ಎಷ್ಟು ಹೊತ್ತು ಅಂತ ತೋರಿಸುವ ಪಟ್ಟಿ ಇರುತ್ತದಲ್ಲ, ಅದನ್ನು ಮುಚ್ಚಿ. ನಾಲ್ಕು ಗಂಟೆ ಅಂತ ಕಂಡರೆ ಹೆಚ್ಚುವರಿ ಇನ್ನಿಂಗ್ಸ್‌ಗೆ ಹೋಗಿದೆ ಅಂತ ಗೊತ್ತಾಗಿಬಿಡುತ್ತದೆ. ಒಂಬತ್ತನೆಯದರಲ್ಲಿ ಏನೇ ಆದರೂ ಸಮ ಆಗುತ್ತದೆ ಅಂತ ಗೊತ್ತಿದ್ದು ನೋಡುವುದು ಬಹಳ ಬೇಸರದ ಕೆಲಸ. ಮೊಬೈಲಿನ ನೋಟಿಫಿಕೇಶನ್ ಕೂಡ ಆಫ್ ಇರಲಿ.

ಈ ಅಂಕಿಗೆ ಕಾಣದ ಸಂಗತಿಗಳೂ ಇವೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಒಬ್ಬ ಪಿಚರ್ ಎದುರಾಳಿಯ ಒಬ್ಬನನ್ನೂ ಬೇಸಿಗೆ ಬಿಡದೆ ಇಪ್ಪತ್ತೇಳೂ ಔಟ್ ಮಾಡಿದರೆ ಅದು ಪರ್ಫೆಕ್ಟ್ ಗೇಮ್. ನೂರೈವತ್ತು ವರ್ಷದ ಚರಿತ್ರೆಯಲ್ಲಿ ಅಂಥವು ಎರಡು ಡಜನ್ ಮಾತ್ರ. ಆದರೆ ಅವನ ತಂಡ 6-0 ಮುಂದಿದ್ದರೆ ಗೆರೆ ಆರಾಮಾಗಿ 99ರಲ್ಲಿ ಮಲಗಿರುತ್ತದೆ, ರೋಚಕತೆ ಸೊನ್ನೆ ಅನ್ನುತ್ತದೆ ಲೆಕ್ಕ. ಇಡೀ ಮೈದಾನ ಎದ್ದು ನಿಂತಿರುತ್ತದೆ.

2023ರ ವಿಶ್ವ ಬೇಸ್‌ಬಾಲ್ ಕ್ಲಾಸಿಕ್ ಫೈನಲ್ ನೋಡಿ. ಜಪಾನ್ 3, ಅಮೆರಿಕ 2. ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್, ಬೇಸ್ ಖಾಲಿ. ಎಸೆಯುವವರು ಶೊಹೇ ಒಟಾನಿ, ಎದುರಿಗೆ ಮೈಕ್ ಟ್ರೌಟ್. ಇಬ್ಬರೂ ಆಗ ಅಮೆರಿಕದ ಲೀಗಿನಲ್ಲಿ ಒಂದೇ ತಂಡದವರು. ಸಾಮಾನ್ಯ ಲೆಕ್ಕದಲ್ಲಿ ಅಮೆರಿಕದ ಸಾಧ್ಯತೆ ನೂರಕ್ಕೆ ನಾಲ್ಕೋ ಐದೋ, ಹಾಗಾಗಿ ಅಳೆಯಲು ಹೋದರೆ ದೊಡ್ಡ ಕ್ಷಣವೇ ಅಲ್ಲ. ಮೂರು ಬಾಲ್ (ದಾರಿ ತಪ್ಪಿದ ಎಸೆತ), ಎರಡು ಸ್ಟ್ರೈಕ್ ಆಯಿತು. ಒಟಾನಿ ಎಸೆದ ಸ್ಲೈಡರ್ ಅಡ್ಡಕ್ಕೆ ಜಾರಿಕೊಂಡು ಹೋಯಿತು, ಟ್ರೌಟ್ ಬೀಸಿದ ಬ್ಯಾಟಿಗೆ ಸಿಗಲಿಲ್ಲ. ನಾನು ನೋಡಿದ ಬೇಸ್‌ಬಾಲಿನಲ್ಲಿ ಅದಕ್ಕಿಂತ ದೊಡ್ಡ ಕ್ಷಣ ಇಲ್ಲ. ಯಾರು ಯಾರ ಎದುರು ನಿಂತಿದ್ದಾರೆ ಅನ್ನೋದು ಆ ನಾಲ್ಕು ಮಾತಿನ ಲೆಕ್ಕಕ್ಕೆ ಗೊತ್ತೇ ಆಗುವುದಿಲ್ಲ. ಅಕ್ಕನ ಮಗ ಬರೀ ಅಂಕಿ ನೋಡದೆ ಇಂಥದ್ದು ಕಂಡರೆ ಅದನ್ನೂ ಸೇರಿಸಲಿ.

ಹಾಗೆಯೇ ಒಂದು ತಂಡದ ಮೇಲೆ ಮನಸ್ಸು ನೆಟ್ಟರೆ ಲೆಕ್ಕವೆಲ್ಲ ಬದಲಾಗುತ್ತದೆ. ಅವನಿರುವ ಊರಿನ ತಂಡ ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್. ವಾರದಲ್ಲಿ ಒಂದು ದಿನ ಯಾವ ಲೆಕ್ಕವೂ ಇಲ್ಲದೆ ಅವರ ಆಟ ನೋಡಿ. ಆಟಗಾರರ ಮುಖ ಪರಿಚಯ ಆದ ಮೇಲೆ 5-1 ಕೂಡ ಸಪ್ಪೆ ಅನಿಸುವುದಿಲ್ಲ.

ಕೊನೆಗೆ ಒಂದು ಕೆಲಸ ಕೊಡುತ್ತೇನೆ. ಆಲೆಮನೆಯಲ್ಲಿ ಲೆಕ್ಕದ ಪುಸ್ತಕ ಇದ್ದೇ ಇರುತ್ತದೆ. ಅದರ ಹಿಂದಿನ ಪುಟದಲ್ಲಿ ನೋಡಿದ ಪ್ರತಿ ಆಟಕ್ಕೂ ನಿಮ್ಮ ಮನಸ್ಸಿಗೆ ಅನಿಸಿದ ಅಂಕ ಹತ್ತಕ್ಕೆ ಇಷ್ಟು ಅಂತ ಬರೆದಿಡಿ. ಗ್ರಾಫ್ ನೋಡುವ ಮೊದಲೇ ಬರೆಯಬೇಕು, ಆಮೇಲೆ ತಿದ್ದಬಾರದು. ಮೂವತ್ತು ಆಟ ಆದ ಮೇಲೆ ಅಕ್ಕನ ಮಗನ ಹತ್ತಿರ ಆ ಆಟಗಳ ಕುಣಿತದ ಮೊತ್ತ ಮತ್ತು ಕೊನೆಯ ಮೂರು ಇನ್ನಿಂಗ್ಸ್‌ಗಳ ಲೆವರೇಜ್, ಎರಡನ್ನೂ ತರಿಸಿ ಪಕ್ಕಪಕ್ಕ ಬರೆಯಿರಿ. ಯಾವ ಸಾಲು ನಿಮ್ಮ ಅಂಕದ ಜೊತೆ ಏರಿ ಇಳಿಯುತ್ತದೋ ಅದು ನಿಮ್ಮ ರುಚಿ. ನೀವು ಬೆರಗಿನವರೋ ಕಾತರದವರೋ ಅಂತ ಅಲ್ಲಿ ಗೊತ್ತಾಗುತ್ತದೆ, ದಾಳಕ್ಕೆ ಬೇಕಾದ ಮೊದಲ ಐದು ಆಟಗಳನ್ನು ಆ ಪ್ರಕಾರ ಆರಿಸಲು ಹೇಳಬಹುದು. ಆ ಪುಟದ ಫೋಟೊ ನನಗೂ ಕಳಿಸಿ, ನೋಡುವ ಆಸೆ ಇದೆ. ಮತ್ತೆ, ಪಾಕ ಬರುವ ಹೊತ್ತಿಗೆ ಒಂಬತ್ತನೇ ಇನ್ನಿಂಗ್ಸ್ ಬಂದರೆ ವಿಡಿಯೊ ನಿಲ್ಲಿಸಿ ಮೊಬೈಲ್ ಮಗುಚಿಡಿ. ಮರುಪ್ರಸಾರ ಕಾಯುತ್ತದೆ, ಬೆಲ್ಲ ಕಾಯುವುದಿಲ್ಲ.